ಹಿಮ್ಮಡಿಯ ಅಂದಾಜು

ಕುಷ್ಟಗಿಯಲ್ಲಿ ಬಿದ್ದ ಮನೆಯ ಮಣ್ಣು ಎತ್ತಿಸಬೇಕಾದರೆ ಜನ ಮೊದಲು ಹುಚ್ಚೀರಪ್ಪನನ್ನು ಕರೆಯುತ್ತಿದ್ದರು, ಆಮೇಲೆ ಬೈಯುತ್ತಿದ್ದರು. ಕರೆಯುತ್ತಿದ್ದುದು ಅವನ ದರ ಎಲ್ಲರಿಗಿಂತ ಕಡಿಮೆ ಎಂದು. ಬೈಯುತ್ತಿದ್ದುದು, ಒಮ್ಮೆ ಹೇಳಿದ ದರದಿಂದ ಅವನು ಒಂದಾಣೆಯೂ ಕೆಳಗಿಳಿಯುವುದಿಲ್ಲವೆಂದು. ಬದನೆಕಾಯಿಗೂ ಚೌಕಾಸಿ, ಬೀಗತನಕ್ಕೂ ಚೌಕಾಸಿ ಮಾಡುವ ಊರು ಅದು. ಅಲ್ಲಿ ಒಂದೇ ಮಾತಿನ ಮನುಷ್ಯನೆಂದರೆ ಸೊಕ್ಕಿನವನೆಂದೇ ಲೆಕ್ಕ. ಹುಚ್ಚೀರಪ್ಪನಿಗೆ ಸೊಕ್ಕು ಇರಲಿಲ್ಲವೆಂದರೆ ಸುಳ್ಳಾದೀತು. ಇತ್ತು, ಮೈತುಂಬ ಇತ್ತು. ಹದಿನಾರು ವರ್ಷದಲ್ಲಿ ಒಮ್ಮೆಯೂ ಅಂದಾಜು ತಪ್ಪದವನಿಗೆ ಅಷ್ಟೂ ಇರಬಾರದೇ?

ಆ ಸೀಮೆಯ ಮನೆಗಳೆಲ್ಲ ಮಣ್ಣಿನವು. ಗೋಡೆಯೂ ಮಣ್ಣು, ತೊಲೆಯ ಮೇಲೆ ಜಂತಿ ಹಾಸಿ ಹೊರಿಸಿದ ಮಾಳಿಗೆಯೂ ಮಣ್ಣು. ವರ್ಷವರ್ಷ ಸವಳು ಮಣ್ಣು ಹಾಕಿ ಬಿರುಕು ಮುಚ್ಚುವವರಿದ್ದರೆ ನೂರು ವರ್ಷ ನಿಲ್ಲುತ್ತವೆ. ಅಣ್ಣತಮ್ಮಂದಿರು ಪಾಲಿಗಾಗಿ ಜಗಳಾಡುತ್ತ ಕೂತರೆ ನಾಲ್ಕೇ ಮಳೆಗಾಲಕ್ಕೆ ಕೂತುಬಿಡುತ್ತವೆ. ಕೂತ ಮೇಲೆ ಉಳಿಯುವುದು ರಾಶಿ ಮಣ್ಣು, ಮುರಿದ ಜಂತಿ, ಒಡೆದ ಗಡಿಗೆ, ಚೇಳು. ಅದನ್ನೆಲ್ಲ ಎತ್ತಿ ಊರ ಹೊರಗೆ ಸಾಗಿಸಿ ಜಾಗ ಬಯಲು ಮಾಡಿಕೊಡುವುದು ಹುಚ್ಚೀರಪ್ಪನ ಗುತ್ತಿಗೆ. ಬಂಡಿ, ಎತ್ತು ಅವನವಲ್ಲ. ಅವು ಗೆಳೆಯ ಉಮರಸಾಬನವು. ಒಬ್ಬ ದರ ಹೇಳುವವನು, ಇನ್ನೊಬ್ಬ ಎಳೆಯುವವನು. ಬಂದದ್ದರಲ್ಲಿ ಇಬ್ಬರಿಗೂ ಸಮಪಾಲು.

ಬೇರೆ ಗುತ್ತಿಗೆದಾರರು ಬೀದಿಯಲ್ಲೇ ನಿಂತು, ಬಿದ್ದ ಮನೆಯನ್ನು ಒಮ್ಮೆ, ಮನೆಯವರ ಮೈಮೇಲಿನ ಬಟ್ಟೆಯನ್ನು ಒಮ್ಮೆ ನೋಡಿ ಬಾಯಿಗೆ ಬಂದ ದರ ಹೇಳುತ್ತಿದ್ದರು. ಹುಚ್ಚೀರಪ್ಪ ಹಾಗಲ್ಲ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಹೋಗುತ್ತಿದ್ದ. ಮೊದಲು ಕಂಬದ ಸಾಲುಗಳ ನಡುವಿನ ಅಂಕಣಗಳನ್ನು ಎಣಿಸುವುದು. ಒಂದು ಅಂಕಣದ ಮಾಳಿಗೆಗೆ ಆರು ಬಂಡಿ ಮಣ್ಣು. ಆಮೇಲೆ ಗೋಡೆಯನ್ನು ಅಂಗೈಯಿಂದ ತಟ್ಟುವುದು. ದನ ಕಟ್ಟಿದ್ದ ಕಡೆಯ ಗೋಡೆಮಣ್ಣಿಗೆ ಉಪ್ಪಿನ ಅಂಶವಿರುತ್ತದೆ. ಹೊಲಕ್ಕೆ ಒಳ್ಳೆಯದೆಂದು ರೈತರು ತಮ್ಮ ಬಂಡಿ ತಂದು ತಾವೇ ಒಯ್ಯುತ್ತಾರೆ, ಅದನ್ನು ಲೆಕ್ಕದಿಂದ ಕಳೆಯಬೇಕು. ಮಣ್ಣು ಒದ್ದೆಯಿದ್ದರೆ ಕಾಲುಭಾಗ ಕೂಡಿಸಬೇಕು. ತೊಲೆ ಬಾಗಿಲುಗಳನ್ನು ಮನೆಯವರು ಬಿಟ್ಟುಕೊಟ್ಟರೆ ಮತ್ತೆ ಕಳೆಯಬೇಕು. ಬಾಗಿಲು ಸಾಗುವಾನಿಯದಾದರೆ ಕೆಲವೊಮ್ಮೆ ಹುಚ್ಚೀರಪ್ಪನೇ ಮನೆಯವರಿಗೆ ಎರಡು ರೂಪಾಯಿ ಕೊಟ್ಟು ಕೆಲಸಕ್ಕಿಳಿದದ್ದೂ ಉಂಟು.

ಇಷ್ಟನ್ನು ಬುದ್ಧಿಯಿದ್ದ ಯಾರಾದರೂ ಮಾಡಿಯಾರು. ಯಾರಿಗೂ ಬಗೆಹರಿಯದ ಗುಟ್ಟು ಬೇರೆಯೇ ಇತ್ತು. ಹಳೆಯ ಮನೆಗಳ ನೆಲದಡಿಯಲ್ಲಿ ಹಗೇವು ಇರುತ್ತಿದ್ದವು. ಹಗೇವು ಎಂದರೆ ಜೋಳ ತುಂಬಿಡಲು ತೋಡಿದ, ಬಾಯಿ ಕಿರಿದು ಹೊಟ್ಟೆ ಹಿರಿದಾದ ನೆಲಕುಣಿ. ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಮಣ್ಣೆಳೆದು ಸಾರಿಸಿಬಿಟ್ಟರೆ ಮನೆಯ ಮಕ್ಕಳಿಗೂ ಗೊತ್ತಾಗುವುದಿಲ್ಲ. ಎರಡು ತಲೆಮಾರು ಕಳೆದರೆ ಯಜಮಾನನಿಗೇ ಮರೆತಿರುತ್ತದೆ. ಹುಚ್ಚೀರಪ್ಪ ಹಿಮ್ಮಡಿ ಊರಿ ನಡೆದರೆ ಸಾಕು, ಕೆಳಗೆ ಹಗೇವು ಇದೆಯೋ ಇಲ್ಲವೋ, ಖಾಲಿಯೋ ತುಂಬಿದೆಯೋ ಅವನ ಕಾಲಿಗೆ ತಿಳಿಯುತ್ತಿತ್ತು. ಅದನ್ನು ಯಾರೂ ಕಲಿಸಿರಲಿಲ್ಲ. ಖಾಲಿ ಹಗೇವು ಇಪ್ಪತ್ತು ಮೂವತ್ತು ಬಂಡಿ ಮಣ್ಣು ನುಂಗುತ್ತದೆ. ಅಷ್ಟು ಮಣ್ಣನ್ನು ಊರ ಹೊರಗೆ ಎಳೆಯುವ ಕೆಲಸವೇ ಇಲ್ಲ. ಬೇರೆಯವರು ನಲವತ್ತು ಹೇಳಿದ ಕೆಲಸಕ್ಕೆ ಅವನು ಇಪ್ಪತ್ತು ಹೇಳಿ, ಅದರಲ್ಲೂ ಉಳಿಸಿಕೊಳ್ಳುತ್ತಿದ್ದುದು ಹೀಗೆ. ಈ ಗುಟ್ಟು ಗೊತ್ತಿದ್ದವರು ಇಬ್ಬರೇ, ಉಮರಸಾಬ ಮತ್ತು ಹುಚ್ಚೀರಪ್ಪನ ತಂಗಿ ವಿರೂಪಾಕ್ಷಮ್ಮ.

ಹೆಂಡತಿ ಬಹಳ ಹಿಂದೆಯೇ ತೀರಿಕೊಂಡಿದ್ದಳು. ಮಕ್ಕಳಿರಲಿಲ್ಲ. ಕೆಳಗಿನ ಓಣಿಯ ಬಾಯಿಗೇ ತಂಗಿಯ ಮನೆ. ಅವಳೂ ಗಂಡನನ್ನು ಕಳೆದುಕೊಂಡು ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದಳು. ಹುಚ್ಚೀರಪ್ಪ ಓಣಿಯ ತುದಿಯ ಗುಡಿಸಲಲ್ಲಿ ಮಲಗುತ್ತಿದ್ದನೇ ಹೊರತು ಅವನ ಊಟ, ಮಾತು, ಜಗಳ ಎಲ್ಲ ತಂಗಿಯ ಮನೆಯಲ್ಲೇ. ದಿನದ ಕೊನೆಗೆ ಅವಳ ಪಡಸಾಲೆಯಲ್ಲಿ ಕೂತು ರೊಟ್ಟಿ ಮುರಿಯುತ್ತ, ಇಂದು ಯಾರ ಮನೆಗೆ ಎಷ್ಟು ದರ ಹೇಳಿದೆ, ಅವರ ಮುಖ ಹೇಗಾಯಿತು ಎಂದು ಹೇಳದಿದ್ದರೆ ಅವನಿಗೆ ಅನ್ನ ಅರಗುತ್ತಿರಲಿಲ್ಲ. ಈ ಲೋಕದಲ್ಲಿ ಅವನಿಗೆ ತನ್ನವರೆಂದು ಇದ್ದದ್ದು ಅವಳೊಬ್ಬಳೇ.

ಯುದ್ಧದ ಕಾಲ ಬಂತು. ಅದರ ಬೆನ್ನಿಗೇ ಲೆವಿ ಬಂತು. ಬೆಳೆದ ಜೋಳದಲ್ಲಿ ಇಷ್ಟು ಪಾಲನ್ನು ಸರಕಾರ ಹೇಳಿದ ದರಕ್ಕೆ ಸರಕಾರಕ್ಕೇ ಅಳೆಯಬೇಕು. ಅಳೆದ ಮೇಲೆ ಉಳಿದದ್ದರಲ್ಲಿ ವರ್ಷ ದೂಡುವುದು ಹೇಗೆಂದು ಯಾರೂ ಹೇಳಲಿಲ್ಲ. ಜನ ತಮಗೆ ತಿಳಿದ ದಾರಿ ಹಿಡಿದರು. ಅರ್ಧ ಅಳೆದರು, ಅರ್ಧ ಹಗೇವಿಗೆ ಇಳಿಸಿ ಮೇಲೆ ಸಾರಿಸಿ ರಂಗೋಲಿ ಹಾಕಿದರು. ಲೆವಿ ವಸೂಲಿಗೆ ಬಂದ ಕಂದಾಯದ ಅಧಿಕಾರಿ, ಗಿರದಾವರ, ಕಬ್ಬಿಣದ ಸಲಾಕೆ ಹಿಡಿದ ಜವಾನರನ್ನು ಕರೆದುಕೊಂಡು ಮನೆಮನೆ ಚುಚ್ಚಿಸಿದ. ಕೈಗೆ ಸಿಕ್ಕಿದ್ದು ಅಷ್ಟಕ್ಕಷ್ಟೇ.

ಆ ಗಿರದಾವರನ ಕಚೇರಿಯ ಹಿಂದಿದ್ದ ಹಳೆಯ ಕುದುರೆಲಾಯ ಆ ಮಳೆಗಾಲದಲ್ಲಿ ಬಿತ್ತು. ಮಣ್ಣು ಎತ್ತಿಸಲು ದರ ಕೇಳಿದ. ಒಬ್ಬ ಗುತ್ತಿಗೆದಾರ ಆ ಸೀಮೆಯ ಹಾಲಿ ನಾಣ್ಯದಲ್ಲಿ ನಲವತ್ತಾರು ರೂಪಾಯಿ ಎಂದು ಬರೆದುಕೊಟ್ಟ. ಹುಚ್ಚೀರಪ್ಪ ಬರಿಗಾಲಲ್ಲಿ ಒಂದು ಸುತ್ತು ಹಾಕಿ ಬಂದು ಹದಿನೆಂಟು ಎಂದ.

"ಅಂವ ನಲವತ್ತಾರು ಅಂತಾನ, ನೀ ಹದಿನೆಂಟು ಅಂತಿ. ಮ್ಯಾಲಿನವರು ನನ್ನ ಕೇಳ್ತಾರಪ್ಪಾ, ಇದರಾಗ ಏನೋ ಐತಿ ಅಂತ," ಎಂದ ಗಿರದಾವರ. "ಹೆಂಗ ಹದಿನೆಂಟು ಆತು? ಬಿಡಿಸಿ ಹೇಳು."

"ನನ್ನ ದರ ಅದರಿ ಸಾಹೇಬ್ರ. ಬಿಡಿಸೂದಿಲ್ಲ ನಾ."

"ಹಂಗಾದ್ರ ನಿನಗ ಲೆಕ್ಕ ಬರೂದಿಲ್ಲ ಅಂತ ಬರಿತೀನಿ."

ಅಷ್ಟು ಸಾಕಾಯಿತು. ಹುಚ್ಚೀರಪ್ಪನಿಗೆ ಲೆಕ್ಕ ಬರುವುದಿಲ್ಲವೆಂದು ಕಾಗದದಲ್ಲಿ ಬರೆಯುವುದೇ? ಹದಿನಾರು ವರ್ಷ ಯಾರೆದುರೂ ಬಿಡಿಸದ ಅಂದಾಜನ್ನು ಅವನು ಯಾರೆದುರು ಬಿಡಿಸಬಾರದಿತ್ತೋ ಅವನೆದುರೇ ಬಿಡಿಸಿದ.

"ಬರಕೊಳ್ರಿ. ಹದಿನಾಕು ಅಂಕಣ, ಮಾಳಿಗಿ ಮಣ್ಣು ಎಂಬತ್ತನಾಕು ಬಂಡಿ. ಗ್ವಾಡಿ ನಲವತ್ತು. ಕೂಡಿ ನೂರಾ ಇಪ್ಪತ್ತನಾಕು. ಕುದರಿ ಕಟ್ಟಿದ ಮಣ್ಣು, ಐವತ್ತು ಬಂಡಿ ರೈತರು ತಾವ ಹೊಡಕೊಂಡು ಹೋಗ್ತಾರ. ಉಳಿದದ್ದು ಎಪ್ಪತ್ತನಾಕು. ಅದರಾಗ ಮೂವತ್ತು ಬಂಡಿ ಹಗೇವಿಗೆ ಹೋಕ್ಕಾವು. ಇನ್ನ ನಲವತ್ತನಾಕು ಬಂಡಿ, ಬಂಡಿಗೆ ಆರಾಣೆ, ಹದಿನಾರೂವರಿ ರೂಪಾಯಿ. ಹಗೇವು ತುಂಬೂ ಆಳಿಗೆ ಒಂದೂವರಿ. ಹದಿನೆಂಟು ಆತೋ ಇಲ್ಲೋ?"

ಗಿರದಾವರ ಬರೆಯುವುದನ್ನು ನಿಲ್ಲಿಸಿದ್ದ. "ಹಗೇವು? ಹತ್ತು ವರ್ಷದಿಂದ ಈ ಕಚೇರಿ ಇಲ್ಲೇ ಐತಿ. ಎಲ್ಲೈತಿ ಹಗೇವು?"

ಹುಚ್ಚೀರಪ್ಪ ಎದ್ದು ಹೋಗಿ ಲಾಯದ ಮೂಲೆಯಲ್ಲಿ ಹಿಮ್ಮಡಿ ಊರಿ ನಿಂತ. ಜವಾನರು ಅಗೆದರು. ಮೊಳದುದ್ದ ಅಗೆಯುವುದರಲ್ಲಿ ಚಪ್ಪಡಿ ಸಿಕ್ಕಿತು. ಹಗೇವಿನೊಳಗೆ ಎಲ್ಲರೂ ಬಗ್ಗಿ ನೋಡಿದರು. ಗಿರದಾವರ ಮಾತ್ರ ಹುಚ್ಚೀರಪ್ಪನ ಕಾಲನ್ನು ನೋಡಿದ. ಗುತ್ತಿಗೆ ಅವನಿಗೇ ಸಿಕ್ಕಿತು. ಮರುದಿನ ಮುಂಜಾನೆ ತಳವಾರ ಗುಡಿಸಲ ಮುಂದೆ ಬಂದು ನಿಂತ. ಲೆವಿ ತಪಾಸಣೆಗೆ ಹುಚ್ಚೀರಪ್ಪ ಬರಬೇಕೆಂದು ಹುಕುಂ, ಅದೂ ಸರಕಾರಿ ಬಿಟ್ಟಿ, ಕೂಲಿಯಿಲ್ಲದ ಚಾಕರಿ. ಒಲ್ಲೆನೆಂದು ಬಿಟ್ಟಿ ತಪ್ಪಿಸಿಕೊಂಡವರು ಆ ಕಾಲದಲ್ಲಿ ಊರಲ್ಲಿ ಉಳಿಯುತ್ತಿರಲಿಲ್ಲ.

ಮೊದಲ ದಿನ ಅವನಿಗೆ ಅಷ್ಟೇನೂ ಅನ್ನಿಸಲಿಲ್ಲ. ಪೇಟೆಯ ದೊಡ್ಡ ಸಾಹುಕಾರನ ಮನೆಯಲ್ಲಿ ಎಂಬತ್ತು ಚೀಲ ಹೊರಬಿತ್ತು. ಓಣಿಯ ಬಡವರು ನಕ್ಕು ಖುಷಿಪಟ್ಟರು. ಎರಡನೆಯ ದಿನ ಒಕ್ಕಲಿಗರ ಮನೆಗಳು. ಅಲ್ಲಿ ಸಿಕ್ಕಿದ್ದು ಐದು ಚೀಲ, ಏಳು ಚೀಲ. ಯಾರೂ ನಗಲಿಲ್ಲ. ಮೂರನೆಯ ದಿನ ಹುಚ್ಚೀರಪ್ಪ ತುದಿಗಾಲಲ್ಲಿ ನಡೆದ.

"ಹಿಮ್ಮಡಿ ಊರು," ಎಂದ ಗಿರದಾವರ.

ಊರಿ ನಡೆದ. ಹಗೇವಿನ ಮೇಲೆ ಕಾಲು ಬಿದ್ದಾಗ ಮುಖ ಗಟ್ಟಿಮಾಡಿಕೊಂಡು ದಾಟಿಹೋಗಲು ನೋಡಿದ. ಬಾಯಿ ಅವನ ಮಾತು ಕೇಳುತ್ತಿತ್ತು, ಮುಖವೂ ಕೇಳುತ್ತಿತ್ತು. ಕಾಲು ಕೇಳಲಿಲ್ಲ. ಹದಿನಾರು ವರ್ಷದ ರೂಢಿ. ಹಗೇವು ಸಿಕ್ಕ ಕಡೆ ಅದು ತಾನಾಗಿ ಒಂದು ಚಣ ನಿಲ್ಲುತ್ತಿತ್ತು. ಗಿರದಾವರ ಅವನ ಬಾಯನ್ನು ಏನೂ ಕೇಳುತ್ತಲೇ ಇರಲಿಲ್ಲ. ಕಾಲು ನಿಂತ ಕಡೆ ಬೆರಳು ತೋರಿಸುತ್ತಿದ್ದ, ಜವಾನರು ಅಗೆಯುತ್ತಿದ್ದರು. ಹೀಗೆ ಎಂಟು ದಿನದಲ್ಲಿ ಹದಿನೇಳು ಹಗೇವು ಬಾಯಿ ಬಿಟ್ಟವು.

ಆ ಎಂಟು ದಿನ ಅವನು ತಂಗಿಯ ಮನೆಗೆ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗುವುದು? ಅವಳು ಮಗಳ ಕೈಯಲ್ಲಿ ರೊಟ್ಟಿ ಕಳಿಸಿದರೆ ಬಾಗಿಲಲ್ಲೇ ಇಸಿದುಕೊಂಡು ಒಳಗೆ ಹೋಗುತ್ತಿದ್ದ. ಎದುರಿಗೆ ಸಿಕ್ಕವರು ಬೇರೆ ದಾರಿ ಹಿಡಿಯುತ್ತಿದ್ದರು. ಅವನ ಕಿವಿಗೆ ಊರಿನ ಒಂದು ಮಾತೂ ಬೀಳುವುದು ನಿಂತುಹೋಯಿತು. ಉಮರಸಾಬ ಮಾತ್ರ ಒಮ್ಮೆ ತಾನಾಗಿ ಬಂದ. ಬಂಡಿಯಿಂದ ಇಳಿಯಲಿಲ್ಲ.

"ಇನ್ನ ನನ್ನ ಬಂಡಿ ನಿನ್ನ ಹಿಂದ ಬರಾಂಗಿಲ್ಲ ಹುಚ್ಚೀರಣ್ಣ."

"ನಾ ಏನ್ ಬೇಕಂತ ಮಾಡಾಕತ್ತೀನೇನೋ ಉಮರಾ?"

"ಬೇಕಂತ ಮಾಡಾಕತ್ತಿ ಅಂತ ನಾ ಅಂದಿಲ್ಲ. ಮುಂದಿನ ಮಳಿಗೆ ಇವರ ಮನೀನ ಬೀಳೂದು, ಇವರ ಮಣ್ಣ ನಾ ಎತ್ತೂದು. ನಿನ್ನ ಜೋಡಿ ಹೋದ್ರ ಒಳಗ ಯಾರು ಬಿಟ್ಕೊತಾರ ಹೇಳು?"

ಬಂಡಿ ತಿರುಗಿ ಹೋಯಿತು.

ಗಿರದಾವರ ಕೆಟ್ಟವನೇನಲ್ಲ. ಮಾಡಿದ ಕೆಲಸಕ್ಕೆ ಪ್ರತಿಯಾಗಿ ಏನಾದರೂ ಕೊಡಬೇಕೆಂದು ಮೂರನೆಯ ದಿನವೇ ಅವನಿಗೂ ಅನ್ನಿಸಿತ್ತು. "ಕೆಳಗಿನ ಓಣ್ಯಾಗ ನಿನ್ನ ತಂಗಿ ಮನಿ ಐತಂತಲ್ಲ. ಅದೊಂದು ಮನಿ ಬಿಟ್ಟುಬಿಡ್ತೀನಿ. ಒಳಗ ಕಾಲಿಡೂದಿಲ್ಲ," ಎಂದು ತಳವಾರನ ಎದುರಿಗೇ ಮಾತು ಕೊಟ್ಟ. ತಳವಾರ ಸುಮ್ಮನಿರುವವನಲ್ಲ. ಅಂದು ಸಂಜೆಯೊಳಗೆ ಕೆಳಗಿನ ಓಣಿಗೆಲ್ಲ ಸುದ್ದಿ ಮುಟ್ಟಿತು. ಊರಿಗೆಲ್ಲ ಹೊಕ್ಕರೂ ವಿರೂಪಾಕ್ಷಮ್ಮನ ಮನೆಗೆ ಹೊಗುವುದಿಲ್ಲ!

ಆಮೇಲೆ ನಡೆದದ್ದನ್ನು ಹುಚ್ಚೀರಪ್ಪನಿಗೆ ಹೇಳುವವರು ಯಾರೂ ಇರಲಿಲ್ಲ. ಪಕ್ಕದ ಮನೆಯ ಕನಕಮ್ಮ ಮೊದಲು ಬಂದಳಂತೆ. ಆಮೇಲೆ ಹಸನಬೀ, ಆಮೇಲೆ ಉಳಿದವರು. ಒಟ್ಟು ಒಂಬತ್ತು ಮನೆಯ ಹೆಂಗಸರು. ಹಾಡಹಗಲೇ ಬುಟ್ಟಿಯ ತಳದಲ್ಲಿ ಜೋಳ, ಮೇಲೆ ಸಗಣಿಯ ಕುಳ್ಳು ಹೊತ್ತುಕೊಂಡು ಒಲೆಗೆ ಕುಳ್ಳು ಕೊಡಲು ಬಂದವರ ಹಾಗೆ ವಿರೂಪಾಕ್ಷಮ್ಮನ ಮನೆಗೆ ಹೋಗಿಬಂದರು. ಐದು ದಿನದಲ್ಲಿ ಅವಳ ನಡುಮನೆಯ ಹಗೇವಿಗೆ ಇಪ್ಪತ್ತಾರು ಚೀಲ ಇಳಿಯಿತು. ಒಂಬತ್ತು ಮನೆಯ ವರ್ಷದ ರೊಟ್ಟಿ ಅದು. ಅಣ್ಣನಿಗೆ ಹೇಳಲೇ ಎಂದು ವಿರೂಪಾಕ್ಷಮ್ಮ ಕೇಳಿದ್ದಳು. "ಬ್ಯಾಡವ್ವಾ. ಗೊತ್ತಾದ್ರ ಅವನ ಕಾಲಿಗೂ ಗೊತ್ತಾಕ್ಕೈತಿ," ಎಂದಿದ್ದಳು ಕನಕಮ್ಮ. ಅವಳು ಹೇಳಿದ್ದೂ ಸುಳ್ಳಲ್ಲ.

ಒಂಬತ್ತನೆಯ ದಿನ ಗಿರದಾವರ, "ಇವತ್ತು ನಿಮ್ಮ ಓಣಿ," ಎಂದ.

ಅದು ಹುಚ್ಚೀರಪ್ಪ ಹುಟ್ಟಿ ಬೆಳೆದ ಓಣಿ. ಯಾರ ನೆಲದಡಿ ಏನಿದೆಯೆಂದು ಕಾಲಿಡುವ ಮೊದಲೇ ಗೊತ್ತು. ಹೇಗಾದರೂ ಮಾಡಿ ಇದನ್ನು ನಿಲ್ಲಿಸಬೇಕು. ಚಾವಡಿಯಿಂದ ಓಣಿಯವರೆಗಿನ ದಾರಿಯಲ್ಲಿ ಅವನಿಗೆ ಒಂದು ಉಪಾಯ ಹೊಳೆಯಿತು. ತನ್ನ ಕಾಲು ಒಂದೇ ಒಂದು ಸಲ ಸುಳ್ಳಾಗಬೇಕು. ಎಲ್ಲರೆದುರು ಅಗೆಸಿ, ಒಳಗೆ ಬರೀ ಗಾಳಿ ಸಿಗಬೇಕು. ಆಗ ಗಿರದಾವರನಿಗೆ ಈ ಕಾಲಿನ ಮೇಲಿನ ನಂಬಿಕೆ ಹೋಗುತ್ತದೆ, ಬೈದು ಮನೆಗೆ ಕಳಿಸುತ್ತಾನೆ, ಓಣಿ ಉಳಿಯುತ್ತದೆ. ಹದಿನಾರು ವರ್ಷ ಕಾಪಾಡಿಕೊಂಡ ಹೆಸರು ಮಣ್ಣುಪಾಲಾಗುತ್ತದೆ, ಆಗಲಿ. ಖಂಡಿತ ಖಾಲಿಯಿರುವ ಹಗೇವು ಓಣಿಯಲ್ಲಿ ಒಂದೇ ಇತ್ತು. ಭಾವ ಸತ್ತ ವರ್ಷ ತಾನೇ ದೀಪ ಹಿಡಿದು ಇಳಿದು, ಗುಡಿಸಿ, ಚಪ್ಪಡಿ ಮುಚ್ಚಿ ಬಂದದ್ದು. ತಂಗಿಗೆ ಹೊಲವಿಲ್ಲ, ಅದರಲ್ಲಿ ತುಂಬಲು ಅವಳ ಬಳಿ ಏನಿದೆ?

ಗಿರದಾವರ ಓಣಿಯ ಬಾಯಲ್ಲಿದ್ದ ಮೊದಲ ಮನೆಯನ್ನು ದಾಟಿ ಮುಂದೆ ಹೆಜ್ಜೆ ಇಟ್ಟ. ಹುಚ್ಚೀರಪ್ಪ ನಿಂತ.

"ಸಾಹೇಬ್ರ, ಇಲ್ಲಿಂದ ಸುರು ಮಾಡ್ರಿ."

"ಇದು ನಿನ್ನ ತಂಗಿ ಮನಿ ಅಲ್ಲೇನು? ಬ್ಯಾಡ ಅಂದೀನಲ್ಲ."

"ಊರಿಗೆಲ್ಲ ಒಂದು ನ್ಯಾಯ, ನನಗೊಂದು ನ್ಯಾಯ ಆಗಬಾರದ್ರಿ. ಇಲ್ಲಿ ಐತ್ರಿ. ನಡುಮನ್ಯಾಗ, ಬೀಸೂಕಲ್ಲಿನ ಬಾಜೂಕ. ತುಂಬೇತಿ."

ವಿರೂಪಾಕ್ಷಮ್ಮ ಹೊಸ್ತಿಲಲ್ಲೇ ನಿಂತಿದ್ದಳು. ಬೇಡವೆಂದು ಕಂಡೂ ಕಾಣದ ಹಾಗೆ ತಲೆ ಅಲ್ಲಾಡಿಸಿದಳು. ಹೆದರಿದ್ದಾಳೆ ಪಾಪ, ಅಂದುಕೊಂಡ ಹುಚ್ಚೀರಪ್ಪ. ಜವಾನರ ಬೆನ್ನ ಹಿಂದಿನಿಂದ ಅವಳಿಗೆ ಕಣ್ಣು ಮಿಟುಕಿಸಿದ. ಏನೂ ಆಗುವುದಿಲ್ಲ, ಸುಮ್ಮನಿರು ಎಂದು ಅವನ ಅರ್ಥ. ಒಳಗೆ ಹೋದವನು ಬೀಸುವ ಕಲ್ಲಿನ ಬಳಿ ಬೆರಳು ತೋರಿಸಿದ. ಹಿಮ್ಮಡಿ ಊರಲಿಲ್ಲ. ಹದಿನಾರು ವರ್ಷದಲ್ಲಿ ಮೊದಲ ಸಲ ಅವನು ಕಾಲನ್ನು ಕೇಳದೆ, ನೆನಪನ್ನು ಕೇಳಿ ಅಂದಾಜು ಹೇಳಿದ್ದ. ಒಂದೇ ಒಂದು ಹೆಜ್ಜೆ ಊರಿದ್ದರೆ ಸಾಕಿತ್ತು.

ಚಪ್ಪಡಿ ಎತ್ತಿದಾಗ ಜವಾನನೊಬ್ಬ ಕೈ ಇಳಿಸಿ ಮೇಲೆ ಹಾಸಿದ್ದ ಹೊಟ್ಟು ಕೆದರಿದ. ಬೊಗಸೆ ತುಂಬ ಬಿಳಿಜೋಳ ಬಂತು.

ಹುಚ್ಚೀರಪ್ಪ ಆ ಬೊಗಸೆಯನ್ನೇ ನೋಡುತ್ತ ನಿಂತ. ಅವನಿಗೆ ಏನೂ ಅರ್ಥವಾಗಲಿಲ್ಲ. ಹೊರಗೆ ಓಣಿಯಲ್ಲಿ ಒಬ್ಬಳು ಕಿರುಚಿದಳು, ಅವಳ ಹಿಂದೆ ಇನ್ನೊಬ್ಬಳು, ಆಮೇಲೆ ಓಣಿಯೇ ಗೋಳಿಟ್ಟಿತು. ಒಂದು ಮನೆಯ ಜೋಳಕ್ಕೆ ಒಂಬತ್ತು ಮನೆಯವರು ಯಾಕೆ ಅಳುತ್ತಾರೆಂದು ಅವನು ಲೆಕ್ಕ ಹಾಕಿದ. ಲೆಕ್ಕ ಬೇಗ ಹತ್ತಿತು. ಗೋಡೆ ಹಿಡಿದು ಕೂತುಬಿಟ್ಟ.

ಚೀಲಗಳನ್ನು ಹೊರಲು ಊರಿನ ಬಂಡಿಗಳನ್ನೇ ಬಿಟ್ಟಿ ಹಿಡಿದರು. ಉಮರಸಾಬನದೂ ಇತ್ತು. ಅವನು ಚೀಲ ಹೇರಿಸಿಕೊಂಡು, ಹುಚ್ಚೀರಪ್ಪನ ಕಡೆ ನೋಡದೆ ಎತ್ತು ಹೊಡೆದ. ಗಿರದಾವರ ಮಾತ್ರ ಬಂದು ಹುಚ್ಚೀರಪ್ಪನ ಭುಜದ ಮೇಲೆ ಕೈ ಇಟ್ಟ. ಇಪ್ಪತ್ತು ವರ್ಷದ ನೌಕರಿಯಲ್ಲಿ ಇಂಥ ಇಮಾನದಾರ ಮನುಷ್ಯನನ್ನು ಕಂಡಿಲ್ಲವೆಂದ. ಒಡಹುಟ್ಟಿದವಳನ್ನೂ ಬಿಡಲಿಲ್ಲವಲ್ಲ! ಇವನ ವಿಷಯ ಮೇಲಕ್ಕೆ ಬರೆಯುತ್ತೇನೆ, ಯಲಬುರ್ಗಾ, ಕೊಪ್ಪಳ, ಗಂಗಾವತಿಯ ಕಡೆಗೂ ಕರೆದೊಯ್ಯುತ್ತೇನೆ ಎಂದ.

ಬಂಡಿಗಳು ಹೋದ ಮೇಲೆ ಹುಚ್ಚೀರಪ್ಪ ಓಣಿಯ ನಡುವೆ ಬಂದು ನಿಂತು ಕೈ ಮುಗಿದ.

"ಖಾಲಿ ಐತಿ ಅಂತ ತಿಳಿದಿದ್ನೆವ್ವಾ. ನಮ್ಮವ್ವನ ಆಣಿ, ಖಾಲಿ ಐತಿ ಅಂತ ತಿಳಿದ ತೋರ್ಸಿದೆ. ಸುಳ್ಳಾಗಲಿ ಅಂತ ತೋರ್ಸಿದೆ."

ಕನಕಮ್ಮ ಅಳು ನಿಲ್ಲಿಸಿ ಅವನನ್ನು ನೋಡಿದಳು. "ತುಂಬೇತಿ ಅಂತ ನಿನ್ನ ಬಾಯಿಲೇ ಅಂದಿ. ತುಂಬಿತ್ತು. ನಿನ್ನ ಅಂದಾಜು ಯಾವಾಗರೆ ತಪ್ಪೇತೇನಪಾ, ಇವತ್ತ ತಪ್ಪಾಕ?"

ತಾನು ತಪ್ಪುವವನೆಂದು ಸಾಕ್ಷಿ ಹೇಳುವವರು ಯಾರಿದ್ದಾರೆ? ಊರಿನ ಯಾವ ಬಿದ್ದ ಮನೆಯನ್ನು ಕೇಳಿದರೂ ಅವನು ತಪ್ಪಿಲ್ಲವೆಂದೇ ಹೇಳೀತು. ಅಷ್ಟರಲ್ಲಿ ಹಿಂದಿನಿಂದ ಹಸನಬೀ, "ಅಣ್ಣ ತಂಗಿ ಕೂಡಿ ಮಾಡಿದ ಕೆಲಸ ಇದು. ಇಲ್ಲಿ ತಂದು ಹಾಕಿಸಿಕೊಂಡು ಅಲ್ಲಿ ಹಿಡಕೊಟ್ಟರು," ಎಂದಳು. ಒಬ್ಬಳು ಹೂಂ ಎಂದಳು. ಇನ್ನೊಬ್ಬಳು ಹೌದೆಂದಳು. ಒಂಬತ್ತು ಮನೆಯವರೂ ಈಗ ಹುಚ್ಚೀರಪ್ಪನನ್ನು ಬಿಟ್ಟು ಹೊಸ್ತಿಲ ಮೇಲೆ ನಿಂತ ವಿರೂಪಾಕ್ಷಮ್ಮನನ್ನು ನೋಡಿದರು. ಅವಳ ಇಬ್ಬರು ಹೆಣ್ಣುಮಕ್ಕಳು ಸೆರಗು ಹಿಡಿದು ಹಿಂದೆ ನಿಂತಿದ್ದರು.

ಹುಚ್ಚೀರಪ್ಪ ತಂಗಿಯ ಹತ್ತಿರ ಹೋದ. "ನೀನರೆ ನಂಬು ತಂಗೆವ್ವಾ. ಆ ಹಗೇವು ನಾನ ಗುಡಿಸಿದ್ನಲ್ಲ, ನಿನಗ ಗೊತ್ತೈತಲ್ಲ. ಹಿಮ್ಮಡಿ ಊರಲಿಲ್ಲ ನಾ. ತಪ್ಪಿದ್ನಿ."

ಅವಳು ಓಣಿಯ ತುದಿಯವರೆಗೆ ಕೇಳುವ ಹಾಗೆ ದನಿ ಎತ್ತಿದಳು.

"ನೀ ತಪ್ಪಿದಿ ಅಂದ್ರ ಯಾರೂ ನಂಬಾಂಗಿಲ್ಲ ಅಣ್ಣಾ. ನಾ ನಂಬಿದೆ ಅಂದ್ರ ನಾನೂ ನಿನ್ನ ಜೋಡಿ ಇದ್ದೆ ಅಂತಾರ. ಈ ಮಕ್ಕಳನ್ನ ಕಟ್ಟಿಕೊಂಡು ನಾ ಈ ಓಣ್ಯಾಗ ಬಾಳಬೇಕು. ನಾನೂ ನಂಬಾಂಗಿಲ್ಲ. ಇನ್ನೊಮ್ಮೆ ಈ ಹೊಸ್ತಿಲಾ ದಾಟಬ್ಯಾಡ."

ಬಾಗಿಲು ಹಾಕಿಕೊಂಡಳು. ಅವಳು ನಿಜವಾಗಿ ನಂಬಿದ್ದಳೋ ಇಲ್ಲವೋ ಹುಚ್ಚೀರಪ್ಪನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಆ ಬಾಗಿಲ ಮುಂದೆ ಅವನು ಹೊತ್ತು ಇಳಿಯುವವರೆಗೆ ನಿಂತಿದ್ದ, ಯಾರೂ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಾಲ್ಕು ದಿನದ ಮೇಲೆ ಗಿರದಾವರನ ಬಂಡಿ ಯಲಬುರ್ಗಾಕ್ಕೆ ಹೊರಟಿತು. ಅವನೂ ಹತ್ತಿ ಕೂತ. ಇನ್ನೆಲ್ಲಿಗೆ ಹೋಗಬೇಕೆಂದು ಅವನಿಗೆ ಗೊತ್ತಿರಲಿಲ್ಲ.